ತಗಡಿನ ಶಂಕು, ಉದ್ದ ಹದಿನಾಲ್ಕು

ಸಿಲಿಂಡರಿಗೆ ಅಂಚು ಎಷ್ಟು ಎಂದು ಕೇಳಿದೆ. ನಾನು ಮಾಡಿ ತಂದಿದ್ದ ರಟ್ಟಿನ ಸಿಲಿಂಡರನ್ನು ಹುಡುಗಿ ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ಮುಟ್ಟಿ ನೋಡಿ, "ಮೂರು ಟೀಚರ್" ಎಂದಳು.

"ಮೂರು ಎಲ್ಲಿಂದ ಬಂತು ಮಾರಾಯ್ತಿ? ಎರಡು ಅಂತ ನಿನ್ನೆಯಷ್ಟೇ ಬಾಯಿಪಾಠ ಮಾಡಿಸಿದ್ದೇನಲ್ಲ!"

"ಮೇಲೆ ಒಂದು ಉರುಟು, ಕೆಳಗೆ ಒಂದು ಉರುಟು. ಮತ್ತೆ ಬದಿಯಲ್ಲಿ ನೇರಕ್ಕೆ ಇದೊಂದು ಉಂಟಲ್ಲ, ಇದು ಎಂತ ಹಾಗಾದ್ರೆ?"

ನನ್ನ ಬೆರಳನ್ನು ಹಿಡಿದು ಅಲ್ಲಿಗೆ ಇಟ್ಟಳು. ರಟ್ಟನ್ನು ಸುತ್ತಿ ಟೇಪ್ ಹಚ್ಚಿದ ಜಾಗ ಅದು. ಕಣ್ಣಿಗೆ ಅದೊಂದು ಟೇಪು ಅಷ್ಟೇ. ಕಣ್ಣು ಮುಚ್ಚಿ ಸವರಿದರೆ ಮೇಲಿಂದ ಕೆಳಗಿನ ತನಕ ಸ್ಪಷ್ಟವಾದ ಒಂದು ಅಂಚು. ಹಿಂದಿನ ದಿನ ರಾತ್ರಿ ಊಟ ಬಿಟ್ಟು ಮಾಡಿದ ಮಾದರಿ ಅದು. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮಕ್ಕಳು ನನಗೆ ಒಣಮೆಣಸು ಎಂದು ಹೆಸರಿಟ್ಟಿದ್ದಾರೆ. ಅದು ನನಗೆ ಗೊತ್ತುಂಟು ಎಂಬುದು ಅವರಿಗೆ ಗೊತ್ತಿಲ್ಲ.

ನಮ್ಮದು ಕಾಪು ತಾಲೂಕಿನ ಒಳಭಾಗದ ಒಂದು ಸರಕಾರಿ ಪ್ರೌಢಶಾಲೆ. ಸುತ್ತ ಗದ್ದೆ. ಹುಡುಗಿ ಬರುವುದು ಕಡಲ ಬದಿಯಿಂದ. ಅಪ್ಪ ಬೋಟಿಗೆ ಹೋಗುತ್ತಾರೆ, ಅಮ್ಮ ಮೀನು ಮಾರುತ್ತಾರೆ. ಎಂಟನೆಯ ತರಗತಿಯಲ್ಲಿದ್ದಾಗ ಕರಿಹಲಗೆ ಮಬ್ಬು ಕಾಣುತ್ತದೆ ಎಂದವಳಿಗೆ ಹತ್ತಕ್ಕೆ ಬರುವಾಗ ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವುದಷ್ಟೇ ಉಳಿದಿತ್ತು. ಮಣಿಪಾಲದಲ್ಲಿ ತೋರಿಸಿ ಆಗಿತ್ತು. ನರದ ತೊಂದರೆ, ಇದಕ್ಕಿಂತ ಹೆಚ್ಚು ಮಾಡಲಿಕ್ಕಿಲ್ಲ ಎಂದಿದ್ದರು. ಆದರೆ ಲೆಕ್ಕ ಮಾತ್ರ ಅವಳಿಗೆ ನೀರು ಕುಡಿದ ಹಾಗೆ. ವರ್ಗ ಸಮೀಕರಣವನ್ನು ಬಾಯಲ್ಲಿ ಹೇಳಿದರೆ ಬಾಯಲ್ಲೇ ಉತ್ತರ ಕೊಡುತ್ತಿದ್ದಳು. ತ್ರಿಭುಜ, ವೃತ್ತಗಳಿಗೆ ನಾನು ರಬ್ಬರ್ ಚಾಪೆಯ ಮೇಲೆ ಗುಂಡುಪಿನ್ನು ಚುಚ್ಚಿ ನೂಲು ಎಳೆದು ತೋರಿಸಿದ್ದೆ. ಎರಡೇ ದಿನದಲ್ಲಿ ನೂಲು ಎಳೆಯುವ ಕೆಲಸವನ್ನೂ ನನ್ನ ಕೈಯಿಂದ ಕಿತ್ತುಕೊಂಡಿದ್ದಳು.

ಗಂಟು ಬಿದ್ದದ್ದು ಘನಾಕೃತಿಗಳಲ್ಲಿ. ಕಣ್ಣಿಲ್ಲದ ಮಕ್ಕಳಿಗೆ ಹತ್ತನೆಯ ಪರೀಕ್ಷೆಯಲ್ಲಿ ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳುವ ಅವಕಾಶ ಉಂಟು. ನವರಾತ್ರಿ ರಜೆ ಮುಗಿದು ಶಾಲೆ ಶುರುವಾದ ಮೊದಲ ದಿನವೇ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, ಅವಳ ಅರ್ಜಿಯಲ್ಲಿ ಹಾಗೇ ಬರೆದುಬಿಡುವ ಎಂದರು. ಹುಡುಗಿ ಒಪ್ಪಲಿಲ್ಲ. ಕಾಮರ್ಸಿನಲ್ಲಿ ಗಣಿತ ತೆಗೆದುಕೊಂಡು ಮುಂದೆ ಓದಬೇಕು ಎಂದು ಅವಳ ಹಠ. "ಲೆಕ್ಕ ಬಿಟ್ರೆ ನನಗೆ ಬೇರೆ ಎಂತ ಬರ್ತದೆ ಸರ್? ಅದನ್ನೂ ತೆಗೆದ್ರೆ ನಾನು ಶಾಲೆಗೆ ಬರುದು ಯಾಕೆ?" ಎಂದು ಅವರ ಮುಖಕ್ಕೇ ಕೇಳಿದಳು.

ಅವರು ಕೆಟ್ಟವರಲ್ಲ. ಅವಳು ಹೊರಗೆ ಹೋದ ಮೇಲೆ ನನ್ನ ಹತ್ತಿರ ಹೇಳಿದರು. "ಮೇಡಂ, ಹಿಂದಿನ ಶಾಲೆಯಲ್ಲಿ ಇಂಥದ್ದೇ ಒಬ್ಬ ಹುಡುಗನಿಗೆ ನಾನೇ ಹಠ ಮಾಡಿ ಗಣಿತ ಕೊಡಿಸಿದೆ. ಅದೊಂದರಲ್ಲೇ ಫೇಲಾದ. ಆಮೇಲೆ ಶಾಲೆಯ ಬಾಗಿಲಿಗೆ ಬರಲಿಲ್ಲ. ನನಗೆ ಇನ್ನೊಮ್ಮೆ ಆ ಪಾಪ ಬೇಡ." ಸ್ವಲ್ಪ ಹೊತ್ತು ಪೆನ್ನು ತಿರುಗಿಸುತ್ತ ಕೂತು, "ಮೂರು ವಾರ ಸಮಯ ಉಂಟು. ಆ ಘನಫಲದ ಪಾಠ ಒಂದನ್ನು ಅವಳು ನನ್ನ ಎದುರು ಮಾಡಿ ತೋರಿಸಲಿ. ಶಂಕು, ಸಿಲಿಂಡರು, ಮೂರನೇ ಒಂದು, ಅದೆಲ್ಲ. ಬಾಯಿಪಾಠ ಅಲ್ಲ. ತಿಳಿದಿದೆ ಅಂತ ನನಗೆ ಅನ್ನಿಸಿದರೆ ಗಣಿತ ಅಂತಲೇ ಬರೆಯುತ್ತೇನೆ. ಇಲ್ಲದಿದ್ದರೆ ನೀವೂ ಮಾತಾಡಬಾರದು, ಅವಳೂ ಮಾತಾಡಬಾರದು" ಎಂದರು.

ವರ್ಷದ ಕೊನೆಗೆ ಬರುವ ಪಾಠವನ್ನು ಅವಳೊಬ್ಬಳಿಗಾಗಿ ಮುಂದಕ್ಕೆ ತಂದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅರ್ಧ ಗಂಟೆ, ಸಂಜೆ ಬಸ್ಸು ಬರುವ ತನಕ ಇನ್ನರ್ಧ ಗಂಟೆ.

ಮೊದಲ ವಾರ ಹೋದದ್ದು ರಟ್ಟಿನಲ್ಲಿ. ಅಂಚಿನ ಕಥೆ ಆಯಿತಲ್ಲ. ಟೇಪ್ ತೆಗೆದು ಒಳಗಿನಿಂದ ಅಂಟು ಹಾಕಿದೆ. ನಮ್ಮ ಕರಾವಳಿಯ ಹವೆಗೆ ಎರಡು ದಿನದಲ್ಲಿ ರಟ್ಟು ಮೆತ್ತಗಾಯಿತು. ಮುಟ್ಟಿ ನೋಡುವವರ ಕೈ ಎಂದರೆ ಸುಮ್ಮನೆ ಸವರುವ ಕೈಯಲ್ಲ. ಅದು ಒತ್ತಿ, ಅಮುಕಿ, ಉಗುರು ಹಾಕಿ ನೋಡುವ ಕೈ. ಶಂಕುವಿನ ತುದಿ ಒಳಗೆ ಹೋಯಿತು. "ಟೀಚರ್, ಇದಕ್ಕೆ ತುದಿಯಲ್ಲಿ ಗುಳಿ ಉಂಟಾ?" ಎಂದು ಅವಳು ಕೇಳಿದಾಗ ಅಳುವುದೋ ನಗುವುದೋ ಗೊತ್ತಾಗಲಿಲ್ಲ. ಥರ್ಮೋಕೋಲಿನಲ್ಲಿ ಕೆತ್ತಿದೆ. ಮುಟ್ಟಿದಲ್ಲೆಲ್ಲ ಉದುರಿ, ಅವಳ ಲಂಗದ ತುಂಬ ಬಿಳಿ ಕಾಳು. ಉಡುಪಿಯ ಅಂಗಡಿಯೊಂದರಿಂದ ಪ್ಲಾಸ್ಟಿಕ್ಕಿನ ಸಿದ್ಧ ಮಾದರಿಗಳ ಪೆಟ್ಟಿಗೆ ತಂದೆ. ಒಂದೊಂದೂ ಹೆಬ್ಬೆರಳಿನಷ್ಟು, ಒಳಗೆ ಗಟ್ಟಿ. ಆಕಾರವೇನೋ ಅವಳಿಗೆ ಚೆನ್ನಾಗಿ ಸಿಕ್ಕಿತು. ಆದರೆ ತುಂಬಿಸಿ ಅಳೆಯುವುದು ಹೇಗೆ? ಶಂಕುವಿನ ಘನಫಲ ಸಿಲಿಂಡರಿನ ಮೂರನೇ ಒಂದು ಎಂದು ನಾನು ಹೇಳಿದ್ದನ್ನು ಅವಳು ನಂಬಬೇಕಾಗಿತ್ತು. ಅವಳೋ, ಸುಲಭಕ್ಕೆ ನಂಬುವವಳಲ್ಲ.

"ನೋಡಿದ್ರೆ ಅರ್ಧ ಅಂತ ಕಾಣುದಿಲ್ವಾ ಟೀಚರ್? ತ್ರಿಭುಜ ಆಯತದ ಅರ್ಧ ಅಲ್ವಾ? ಹಾಗೇ ಇದೂ ಅರ್ಧ ಆಗ್ಬೇಕಿತ್ತು."

ಕಣ್ಣು ಕಾಣುವ ಮಕ್ಕಳಿಗೆ ಹದಿನೈದು ವರ್ಷದಿಂದ ಕಲಿಸುತ್ತಿದ್ದೇನೆ. ಒಬ್ಬರೂ ಹೀಗೆ ಕೇಳಿರಲಿಲ್ಲ. ಎಲ್ಲರೂ ಸೂತ್ರ ಬರೆದುಕೊಂಡು ಮನೆಗೆ ಹೋದವರೇ.

ದೊಡ್ಡದು ಬೇಕು, ಟೊಳ್ಳು ಬೇಕು, ಅಮುಕಿದರೆ ಬಗ್ಗಬಾರದು, ಬಾಯಿಯ ಅಂಚು ಕೈ ಕೊಯ್ಯಬಾರದು. ಪರ್ಕಳದ ನನ್ನ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ನಿಂತು ಯೋಚನೆ ಮಾಡುತ್ತಿದ್ದಾಗ ಎಣ್ಣೆ ಹೊಯ್ಯುವ ಲಾಳಿಕೆ ಕಣ್ಣಿಗೆ ಬಿತ್ತು. ತಗಡು! ಕಾರ್ಕಳದಲ್ಲಿ ನನ್ನ ತವರುಮನೆಯ ಮಾಡಿಗೆ ನೀರಿಳಿಯುವ ದಂಬೆ ಮಾಡಿಕೊಟ್ಟ ತಗಡಿನ ಕೆಲಸದವರೊಬ್ಬರು ಇದ್ದರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಎರಡು ಬಸ್ಸು ಹಿಡಿದು ಅಲ್ಲಿಗೆ ಹೋದೆ.

ಅವರು ಕನ್ನಡಕವನ್ನು ಹಣೆಗೇರಿಸಿ ನನ್ನ ಮಾತು ಕೇಳಿದರು. ಶಂಕು ಎಂದರೆ ಅವರಿಗೆ ತಲೆಗೆ ಹೋಗಲಿಲ್ಲ.

"ಲಾಳಿಕೆಯ ಹಾಗೆಯಾ ಟೀಚರ್?"

"ಲಾಳಿಕೆಯೇ ಅಣ್ಣ. ಆದ್ರೆ ಕೆಳಗೆ ತೂತು ಬೇಡ."

"ತೂತಿಲ್ಲದ ಲಾಳಿಕೆ ತಗೊಂಡು ಎಂತ ಮಾಡುದು?" ಎಂದು ನಕ್ಕರು. ಹುಡುಗಿಯ ವಿಷಯ ಹೇಳಿದೆ. ನಗು ನಿಲ್ಲಿಸಿದರು. ಗೋಡೆಯ ಮೊಳೆಯಿಂದ ಒಂದು ಹಳೆಯ ಲಾಳಿಕೆ ತೆಗೆದು, ಕಣ್ಣು ಮುಚ್ಚಿಕೊಂಡು, ಬೆಸುಗೆಯ ಮೇಲೆ ಹೆಬ್ಬೆರಳು ಓಡಿಸಿದರು. "ಹೌದು, ಇದು ಚುಚ್ಚುತ್ತದೆ. ಮಡಿಕೆಯನ್ನು ಒಳಬದಿಗೆ ಹಾಕ್ತೇನೆ. ಬಾಯಿಗೆ ತಂತಿ ಕೊಟ್ಟು ಸುರುಳಿ ಮಾಡಿದ್ರೆ ಕೈಗೆ ತಾಗುದಿಲ್ಲ." ಆಮೇಲೆ ಸುಣ್ಣದ ಕಡ್ಡಿ ತೆಗೆದು, "ಅಳತೆ ಹೇಳಿ. ಬಾಯಿ ಎಷ್ಟು?"

"ಎರಡಕ್ಕೂ ಹದಿನಾಲ್ಕು ಸೆಂಟಿಮೀಟರ್. ಅಡ್ಡಕ್ಕೆ."

"ಉದ್ದ?"

"ಉದ್ದವೂ ಹದಿನಾಲ್ಕು. ಎರಡೂ ಒಂದೇ ಬಾಯಿ, ಒಂದೇ ಉದ್ದ ಇರ್ಬೇಕು. ಅದು ಮುಖ್ಯ."

ಏಳು, ಹದಿನಾಲ್ಕು ನಮ್ಮ ಗಣಿತದ ಟೀಚರುಗಳ ಪ್ರೀತಿಯ ಸಂಖ್ಯೆಗಳು. ಇಪ್ಪತ್ತೆರಡು ಬೈ ಏಳರ ಜೊತೆ ಸಲೀಸಾಗಿ ಹೊಡೆದುಹೋಗುತ್ತವೆ. ನಾನು ನಿಂತಿದ್ದಾಗಲೇ ಅವರು ತಗಡಿನ ಮೇಲೆ ಒಂದು ಮೊಳೆ ಊರಿ, ನೂಲು ಕಟ್ಟಿ, ಅರ್ಧಚಂದ್ರದ ಆಕಾರ ಗೀಚಿದರು. ಕತ್ತರಿಯಿಂದ ಕತ್ತರಿಸಿ, ಕಬ್ಬಿಣದ ಕೊಳವೆಯ ಮೇಲೆ ಮರದ ಕೊಡತಿಯಿಂದ ತಟ್ಟಿ ತಟ್ಟಿ ಬಗ್ಗಿಸಿದರು. ನೋಡುನೋಡುತ್ತ ಅರ್ಧಚಂದ್ರ ಶಂಕುವಾಯಿತು. ನನಗೆ ಎಷ್ಟು ಕುಶಿಯಾಯಿತೆಂದರೆ, ಅಲ್ಲೇ ನಿಂತು ಚಪ್ಪಾಳೆ ತಟ್ಟುವುದೊಂದು ಬಾಕಿ. ಬೆಸುಗೆ ಹಾಕಿ, ಉಜ್ಜಿ, ಗುರುವಾರ ನಮ್ಮ ಕಡೆಗೆ ಬರುವ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸಿದರು. ಗೋಣಿಚೀಲದಲ್ಲಿ ಸುತ್ತಿದ ಒಂದು ಶಂಕು, ಒಂದು ಸಿಲಿಂಡರು. ಬಾಯಿಗೆ ಬಾಯಿ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಬಾಯಿ ಮಾತ್ರ ನೋಡಿದೆ. ಅಲ್ಲೇ ನಾನು ಎಡವಿದ್ದು.

ಶುಕ್ರವಾರ ಊಟ ಮುಗಿದ ಮೇಲೆ ಬಿಸಿಯೂಟದ ಕೋಣೆಯ ಜಗಲಿಯಲ್ಲಿ ಕೂತೆವು. ಪರೀಕ್ಷೆ ಸೋಮವಾರ. ಅರ್ಜಿ ಕಳಿಸಬೇಕಾದ್ದೂ ಅವತ್ತೇ. ಅಳೆಯಲು ಅಕ್ಕಿ ಬೇಕಿತ್ತು. ನಮ್ಮ ಶಾಲೆಯ ಅಡುಗೆಯವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುವುದು. "ಅನ್ನದ ಅಕ್ಕಿಯಲ್ಲಿ ಎಂತ ಆಟ ಟೀಚರ್ ನಿಮ್ಮದು?" ಎಂದು ಗೊಣಗಿದರೂ ಅಕ್ಕ ಒಂದು ದೊಡ್ಡ ಪಾತ್ರೆಯಲ್ಲಿ ಅಕ್ಕಿ ತಂದರು. ಅಳೆಯಲು ತಾವೇ ಕೂತರು. ಹುಡುಗಿಯ ಒಂದು ಕೈ ಶಂಕುವಿನ ಬಾಯಲ್ಲಿ, ಒಂದು ಕೈ ಸಿಲಿಂಡರಿನ ಬಾಯಲ್ಲಿ.

ಶಂಕುವನ್ನು ತಲೆಕೆಳಗೆ ಹಿಡಿದು ಅಕ್ಕಿ ತುಂಬಿ, ಅಕ್ಕ ಸಿಲಿಂಡರಿಗೆ ಸುರಿದರು. "ಲಾಭ" ಎಂದರು.

"ಒಂದು ಅನ್ನಿ ಅಕ್ಕ" ಎಂದೆ.

"ಅಕ್ಕಿ ಅಳೆಯುವಾಗ ಯಾರಾದ್ರೂ ಒಂದು ಅಂತಾರಾ? ಮೊದಲ್ನೇದು ಲಾಭವೇ. ಎರಡು... ಮೂರು."

ಮೂರಕ್ಕೆ ಸಿಲಿಂಡರು ಕಂಠಪೂರ್ತಿ ತುಂಬಿತು. ಕೈಯಿಂದ ಸವರಿದರೆ ಬಾಯಿಗೆ ಸಮ. ನನ್ನ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. "ನೋಡಿದ್ಯಾ? ಅರ್ಧ ಅಲ್ಲ, ಮೂರನೇ ಒಂದು!" ಎಂದು ಅವಳ ಬೆನ್ನಿಗೊಂದು ಗುದ್ದಿದೆ.

ಅವಳ ಮುಖದಲ್ಲಿ ನಗು ಇರಲಿಲ್ಲ. "ಟೀಚರ್, ಅಕ್ಕ ಅಳೆದದ್ದು ಸಮಕ್ಕೆ ಇರ್ಲಿಲ್ಲ. ಶಂಕುವಿನ ಬಾಯಿಯ ಮೇಲೆ ಗುಡ್ಡೆ ಇತ್ತು. ನನ್ನ ಕೈಗೆ ತಾಗಿತು."

"ಅದೊಂದು ಮುಷ್ಟಿ ಆಚೆ ಈಚೆ ಇರ್ಲಿ ಬಿಡು."

"ಮತ್ತೆ ಇನ್ನೊಂದು ಉಂಟು ಟೀಚರ್..."

"ಇನ್ನೊಂದೂ ಬೇಡ, ಮತ್ತೊಂದೂ ಬೇಡ!" ನನ್ನ ಧ್ವನಿ ಏರಿತು. "ಪುಸ್ತಕದಲ್ಲಿ ಮೂರು, ಇಲ್ಲಿ ಬಂದದ್ದು ಮೂರು. ಸೋಮವಾರ ಸರ್ ಎದುರು ಹೀಗೇ ಮಾಡಿ ಮೂರು ಅಂತ ಹೇಳು. ಎಲ್ಲದಕ್ಕೂ ಕೊಕ್ಕೆ ಹಾಕುವ ಬುದ್ಧಿ ಒಳ್ಳೇದಲ್ಲ."

ಅವಳು ಕೋಲು ಹುಡುಕಿಕೊಂಡು ಎದ್ದು ಹೋದಳು. ಮೂರು ವಾರ ಒದ್ದಾಡಿದ್ದೇನೆ, ಒಂದು ಒಳ್ಳೆಯ ಮಾತು ಅವಳ ಬಾಯಿಂದ ಬರಬಾರದೇ ಎಂದು ನನಗೆ ಅನ್ನಿಸಿತೇ ಹೊರತು, ಅವಳಿಗೇನು ಅನ್ನಿಸಿರಬಹುದು ಎಂಬುದು ತಲೆಗೇ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಎರಡನೆಯ ಪಿರಿಯಡ್. ಮುಖ್ಯೋಪಾಧ್ಯಾಯರ ಕೋಣೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಶಂಕು, ಸಿಲಿಂಡರು ಇಟ್ಟೆ. ಪಕ್ಕದಲ್ಲಿ ಅವಳ ಅರ್ಜಿ, ವಿಷಯದ ಸಾಲೊಂದು ಖಾಲಿ. ಅಕ್ಕ ಪಾತ್ರೆ ಹಿಡಿದು ನಿಂತರು. ಮೊದಲು ಮುಖ್ಯೋಪಾಧ್ಯಾಯರು ಆಕಾರಗಳನ್ನು ಕೇಳಿದರು. ಹುಡುಗಿ ಮುಖ, ಅಂಚು, ವಕ್ರಮೇಲ್ಮೈ ಎಲ್ಲವನ್ನೂ ಮುಟ್ಟಿ ತೋರಿಸಿದಳು. ತಲೆ ಆಡಿಸಿದರು. "ಸರಿ. ಈಗ ಘನಫಲ."

ಅಕ್ಕ ಅಕ್ಕಿಗೆ ಕೈ ಹಾಕಿ ಶಂಕು ತುಂಬಿಸಿದರು. ಮುಖ್ಯೋಪಾಧ್ಯಾಯರು ವಿಜ್ಞಾನದ ಮನುಷ್ಯ. "ಹಾಗಲ್ಲ ಅಕ್ಕ. ತಲೆ ಸವರಿ ಅಳೆಯಿರಿ" ಎಂದು ಉಕ್ಕಿನ ಸ್ಕೇಲು ಕೊಟ್ಟರು.

ಅಕ್ಕ ಸ್ಕೇಲನ್ನು ಮುಟ್ಟಲೇ ಇಲ್ಲ. "ಅನ್ನಕ್ಕೆ ಹಾಕುವ ಅಕ್ಕಿಯನ್ನು ತಲೆ ಸವರಿ ಅಳೆಯುದಾ ಸರ್? ಮನೆಗೆ ಬಂದವರಿಗೆ ಹಾಗೆ ಯಾರಾದ್ರೂ ಅಳೀತಾರಾ? ನನ್ನ ಕೈಯಲ್ಲಿ ಅದು ಆಗುದಿಲ್ಲ."

ಕೊನೆಗೆ ಸವರಿದವಳು ನಾನು. ಅಕ್ಕ ಗುಡ್ಡೆ ಹಾಕಿದರು, ನಾನು ಸ್ಕೇಲಿನಿಂದ ಬಾಯಿಗೆ ಸಮ ಮಾಡಿದೆ, ಹುಡುಗಿ ಸುರಿದಳು. ಲಾಭ. ಎರಡು. ಮೂರು.

ಸಿಲಿಂಡರು ತುಂಬಲಿಲ್ಲ.

ತಟ್ಟಿದೆ, ಅಲುಗಾಡಿಸಿದೆ. ಅಲುಗಾಡಿಸಿದ್ದಕ್ಕೆ ಅಕ್ಕಿ ಇನ್ನೂ ಸ್ವಲ್ಪ ಕೆಳಗೇ ಇಳಿಯಿತು. ಬಾಯಿಯಿಂದ ಕೆಳಗೆ ಹೆಬ್ಬೆರಳಿನ ಅಗಲದಷ್ಟು ಖಾಲಿ. ಮುಖ್ಯೋಪಾಧ್ಯಾಯರು ಬಗ್ಗಿ ನೋಡಿದರು. "ಇದೆಂತ ಮೇಡಂ? ಇದು ಮೂರನೇ ಒಂದೂ ಅಲ್ಲ, ಅರ್ಧವೂ ಅಲ್ಲ."

ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಬಾಯಿಗೆ ಬಂದ ಸಬೂಬುಗಳು ಒಂದೆರಡಲ್ಲ. ಅಕ್ಕಿ ಚೆಲ್ಲಿತು, ಬಾಯಿಯ ತಂತಿ ದಪ್ಪವಾಯಿತು, ಸೂತ್ರ ಹೇಗೂ ಅವಳಿಗೆ ಬರುತ್ತದೆ ಸರ್, ಲೆಕ್ಕ ಕೊಟ್ಟು ನೋಡಿ. ಹೀಗೇ ಏನಾದರೂ ಹೇಳಿ ದಾಟಿಸಬಹುದಿತ್ತು. ಅವರು ಆಗಲೇ ಅರ್ಜಿಯನ್ನು ಹತ್ತಿರ ಎಳೆದುಕೊಂಡಿದ್ದರು. "ಮಾದರಿ ನಮ್ಮ ಕೈಯಲ್ಲೇ ಹೀಗಾದರೆ, ಪರೀಕ್ಷೆಯಲ್ಲಿ ಅವಳ ಗತಿ ಏನು? ಹೇಳಿ" ಎಂದರು. ಬೈದು ಹೇಳಲಿಲ್ಲ, ಬೇಸರದಲ್ಲಿ ಹೇಳಿದರು. ಅದೇ ಹೆಚ್ಚು ಚುಚ್ಚಿತು.

ಹುಡುಗಿ ನನ್ನ ಪಕ್ಕ ನಿಂತಿದ್ದಳು. ಅವಳ ಒಂದು ಕೈ ಆಗಲೇ ಸಿಲಿಂಡರಿನ ಒಳಗೆ ಇಳಿದಿತ್ತು. ಖಾಲಿ ಜಾಗವನ್ನು ಬೆರಳಿನಿಂದ ಅಳೆಯುತ್ತಿದ್ದಳು. ಆಗ ನನಗೆ ಶುಕ್ರವಾರದ ಜಗಲಿ ನೆನಪಾಯಿತು. ಸಬೂಬುಗಳನ್ನೆಲ್ಲ ನುಂಗಿಕೊಂಡೆ.

"ಸರ್, ಐದು ನಿಮಿಷ ಕೊಡಿ. ಶುಕ್ರವಾರ ಇವಳು ನನಗೆ ಏನೋ ಹೇಳಲಿಕ್ಕೆ ಹೊರಟಿದ್ದಳು. ನಾನು ಬಾಯಿ ಮುಚ್ಚಿಸಿದೆ." ಅವಳ ಕಡೆ ತಿರುಗಿದೆ. "ಇನ್ನೊಂದು ಉಂಟು ಅಂದಿಯಲ್ಲ ಮಗಾ, ಅದೆಂತ?"

ಅವಳು ಸಿಲಿಂಡರಿನಿಂದ ಕೈ ತೆಗೆದು ಬೆರಳಿಗಂಟಿದ ಅಕ್ಕಿ ಕೊಡವಿಕೊಂಡಳು. ಈಗಲಾದರೂ ಹೇಳುತ್ತಾಳೋ, ಅಲ್ಲ ಸಿಟ್ಟಿನಲ್ಲಿ ನನ್ನನ್ನು ಹಾಗೇ ಬಿಡುತ್ತಾಳೋ ಎಂದು ನನಗೆ ಹೆದರಿಕೆಯಾಯಿತು.

"ಶಂಕು ಗಿಡ್ಡ ಉಂಟು ಟೀಚರ್."

ಶಂಕುವನ್ನು ಬಾಯಿ ಕೆಳಗೆ ಮಾಡಿ ಮೇಜಿನ ಮೇಲೆ ಕೂರಿಸಿದಳು. ಅದರ ಪಕ್ಕಕ್ಕೆ ಸಿಲಿಂಡರನ್ನು ಎಳೆದಳು. ಸ್ಕೇಲು ಕೇಳಿ ಪಡೆದು, ಸಿಲಿಂಡರಿನ ಬಾಯಿಯ ಮೇಲೆ ಅಡ್ಡ ಇಟ್ಟು, ಶಂಕುವಿನ ತುದಿಯ ಮೇಲಕ್ಕೆ ಚಾಚಿದಳು. ಸ್ಕೇಲು ತುದಿಗೆ ತಾಗಲಿಲ್ಲ. ಸ್ಕೇಲಿಗೂ ತುದಿಗೂ ಮಧ್ಯೆ ತನ್ನ ಹೆಬ್ಬೆರಳನ್ನು ಅಡ್ಡ ತೂರಿಸಿದಳು. ಸರಿಯಾಗಿ ಕೂತಿತು. ಅದೇ ಹೆಬ್ಬೆರಳನ್ನು ಹಾಗೇ ತೆಗೆದು ಸಿಲಿಂಡರಿನ ಒಳಗೆ, ಅಕ್ಕಿಯ ಮೇಲೆ ಮಲಗಿಸಿದಳು. ಬಾಯಿಗೆ ಸಮ.

"ಇದು ಎಷ್ಟು ಗಿಡ್ಡವೋ ಅಷ್ಟೇ ಇಲ್ಲಿ ಖಾಲಿ" ಎಂದಳು. "ಮೂರನೇ ಒಂದು ಸರಿಯೇ ಉಂಟು ಸರ್. ಮೂರು ಸಲ ಹಾಕಿದ್ದಕ್ಕೆ ಅಕ್ಕಿ ಶಂಕುವಿನ ಎತ್ತರಕ್ಕೆ ಬಂದು ನಿಂತಿದೆ. ಸಿಲಿಂಡರ್ ಅದಕ್ಕಿಂತ ಎತ್ತರ ಇದ್ರೆ ಅಕ್ಕಿ ಎಂತ ಮಾಡ್ಲಿಕ್ಕಾಗ್ತದೆ?"

ಮುಖ್ಯೋಪಾಧ್ಯಾಯರು ಕುರ್ಚಿಯಿಂದ ಎದ್ದರು. ನಾನು ಬೆಪ್ಪಾಗಿ ನಿಂತಿದ್ದೆ. "ಶುಕ್ರವಾರ ಮತ್ತೆ ಮೂರಕ್ಕೇ ತುಂಬಿತಲ್ಲ?" ಎಂದು ಕೇಳಿದವಳು ನಾನೇ.

"ಅವತ್ತು ಅಕ್ಕ ಗುಡ್ಡೆ ಹಾಕಿ ಅಳೆದದ್ದಲ್ವಾ? ಶಂಕು ಕಡಿಮೆ, ಗುಡ್ಡೆ ಹೆಚ್ಚು. ಎರಡು ತಪ್ಪು ಸೇರಿ ಸರಿಯಾದದ್ದು."

"ಅಂತೂ ಅವತ್ತು ನಿಮ್ಮ ಮರ್ಯಾದೆ ಉಳಿಸಿದ್ದು ನನ್ನ ಕೈಗುಣ ಟೀಚರ್" ಎಂದರು ಅಕ್ಕ, ಸೆರಗಿನಲ್ಲಿ ನಗು ಮುಚ್ಚಿಕೊಂಡು.

ಗಿಡ್ಡ ಆದದ್ದು ಹೇಗೆ? ಅಲ್ಲೇ ಕಾರ್ಕಳಕ್ಕೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ. ಹಿಂದೆ ಕೊಡತಿಯ ಸದ್ದು. "ಅಣ್ಣ, ಶಂಕು ಸಿಲಿಂಡರಿಗಿಂತ ಗಿಡ್ಡ ಆಗಿದೆಯಲ್ಲ? ಎರಡೂ ಹದಿನಾಲ್ಕು ಅಂದಿದ್ದೆ."

"ಗಿಡ್ಡ ಹೇಗೆ ಆಗ್ತದೆ? ಬಾಯಿಯಿಂದ ತುದಿಗೆ ಬದಿಯಲ್ಲಿ ಟೇಪು ಹಿಡಿದು ನೋಡಿ. ಹದಿನಾಲ್ಕಕ್ಕೆ ಒಂದು ನೂಲು ಕಡಿಮೆ ಇದ್ರೆ ನಾನು ಕತ್ತರಿ ಕೆಳಗಿಡ್ತೇನೆ."

"ಬದಿಯಲ್ಲಿ ಅಲ್ಲ ಅಣ್ಣ, ನಾನು ಹೇಳಿದ್ದು ಎತ್ತರ!"

"ಎತ್ತರ ಅಂತ ನೀವು ಎಲ್ಲಿ ಹೇಳಿದ್ದು ಟೀಚರ್? ಉದ್ದ ಕೇಳಿದೆ, ಉದ್ದ ಹದಿನಾಲ್ಕು ಅಂದ್ರಿ. ಲಾಳಿಕೆಯ ಉದ್ದ ಅಂದ್ರೆ ತಗಡಿನ ಉದ್ದ ಅಲ್ವಾ?"

ಫೋನು ಇಟ್ಟೆ. ತಪ್ಪು ನನ್ನದೇ. ನಮ್ಮ ಕಡೆ ಎತ್ತರದ ಹುಡುಗನಿಗೂ ಉದ್ದದ ಹುಡುಗ ಎಂದೇ ಹೇಳುವುದು, ತೆಂಗಿನ ಮರವೂ ಉದ್ದವೇ. ತರಗತಿಯ ಒಳಗೆ ಮಾತ್ರ ನಾನು ಎತ್ತರ, ಓರೆ ಎತ್ತರ ಎಂದು ನಾಲಗೆ ತಿದ್ದಿಕೊಂಡು ಮಾತಾಡುತ್ತೇನೆ. ಕಾರ್ಕಳದ ಅಂಗಡಿಯಲ್ಲಿ ಆ ಎಚ್ಚರ ಎಲ್ಲಿ ಇರಬೇಕು? ಶಂಕುವಿನ ಓರೆ ಎತ್ತರವನ್ನೇ ಎತ್ತರ ಎಂದು ತೆಗೆದುಕೊಳ್ಳಬೇಡಿ ಎಂದು ಪ್ರತಿ ವರ್ಷ ಮಕ್ಕಳ ಮೇಲೆ ಕೂಗಾಡುವವಳು ನಾನು. ಆ ತಪ್ಪನ್ನು ತಗಡಿನಲ್ಲಿ ಮಾಡಿಸಿ, ಬೆಸುಗೆಯನ್ನೂ ಹಾಕಿಸಿ ತಂದಿದ್ದೆ.

ಮುಖ್ಯೋಪಾಧ್ಯಾಯರ ಮುಖ ಈಗ ಬೇರೆಯೇ ಆಗಿತ್ತು. ಮೇಜಿನ ಮೇಲೆ ಎರಡೂ ಕೈ ಊರಿ ಹುಡುಗಿಯ ಕಡೆ ಬಗ್ಗಿದರು. "ಹಾಗಾದರೆ ಓರೆ ಎತ್ತರ ಹದಿನಾಲ್ಕು. ಪಾದದ ತ್ರಿಜ್ಯ ಏಳು. ಇದರ ನಿಜವಾದ ಎತ್ತರ ಎಷ್ಟಿರಬೇಕು? ಹೇಳು ನೋಡುವ."

ಇದು ಪುಸ್ತಕದ ಲೆಕ್ಕವಲ್ಲ, ನಾನು ಮಾಡಿಸಿದ್ದಲ್ಲ. ಅವಳು ಶಂಕುವಿನ ಬದಿಯಲ್ಲಿ ಒಂದು ಬೆರಳು ಇಳಿಸಿದಳು, ಇನ್ನೊಂದು ಕೈಯಿಂದ ತುದಿಯ ಮೇಲೆ ಗಾಳಿಯಲ್ಲಿ ನೇರ ಕೆಳಕ್ಕೆ ಗೆರೆ ಎಳೆದಳು. ತುಟಿ ಅಲುಗುತ್ತಿತ್ತು.

"ಒಳಗೆ ಒಂದು ಲಂಬಕೋನ ತ್ರಿಭುಜ ಉಂಟು ಸರ್. ಬದಿ ವಿಕರ್ಣ. ಹದಿನಾಲ್ಕರ ವರ್ಗ ನೂರ ತೊಂಬತ್ತಾರು. ಏಳರದ್ದು ನಲವತ್ತೊಂಬತ್ತು. ಕಳೆದ್ರೆ ನೂರ ನಲವತ್ತೇಳು. ಹನ್ನೆರಡರ ವರ್ಗ ನೂರ ನಲವತ್ತನಾಲ್ಕು. ಹಾಗಾಗಿ ಹನ್ನೆರಡು, ಮತ್ತೆ ಒಂಚೂರು. ಅಂದ್ರೆ ಖಾಲಿ ಇರುದು ಎರಡು ಸೆಂಟಿಮೀಟರಿಗೆ ಒಂಚೂರು ಕಡಿಮೆ. ನಿಮ್ಮ ಸ್ಕೇಲು ಹಾಕಿ ನೋಡಿ."

ಅವರು ಸ್ಕೇಲನ್ನು ಸಿಲಿಂಡರಿನ ಒಳಗೆ ಇಳಿಸಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು. "ಒಂದು ಪಾಯಿಂಟ್ ಒಂಬತ್ತು" ಎಂದರು.

ನನಗೆ ಅಳು ಬಂತು. ಬಂದದ್ದನ್ನು ತಡೆಯಲೂ ಇಲ್ಲ. ಮೂರು ವಾರದ ರಟ್ಟು, ಅಂಟು, ಬಸ್ಸು, ಹೆದರಿಕೆ ಎಲ್ಲ ಒಟ್ಟಿಗೆ ಕಣ್ಣಿನಿಂದ ಇಳಿಯಿತು. "ತಪ್ಪಾಯ್ತು ಮಗಾ" ಎಂದೆ ಅವಳಿಗೆ. "ಶುಕ್ರವಾರ ನಿನ್ನ ಮಾತು ಕೇಳ್ಬೇಕಿತ್ತು ನಾನು."

"ಪರವಾಗಿಲ್ಲ ಟೀಚರ್. ಆದ್ರೆ ಅವತ್ತು ಮನೆಗೆ ಹೋಗಿ ಅಮ್ಮನ ಹತ್ರ ನಿಮಗೆ ತುಂಬ ಬೈದಿದ್ದೇನೆ."

ಅಕ್ಕ ಜೋರಾಗಿ ನಕ್ಕರು. ಮುಖ್ಯೋಪಾಧ್ಯಾಯರೂ ನಕ್ಕರು. ನಗುತ್ತಲೇ ಪೆನ್ನು ತೆಗೆದು ಅರ್ಜಿಯ ಖಾಲಿ ಸಾಲಿನಲ್ಲಿ ಬರೆದರು. ಬರೆದು, ಅದನ್ನು ಅವಳ ಮುಂದೆ ಸರಿಸಿದರು. ನಾನು ಅವಳ ಕೈ ಹಿಡಿದು ಸಹಿಯ ಜಾಗಕ್ಕೆ ತಂದು ನಿಲ್ಲಿಸಿದೆ. ಅವಳು ಸಹಿ ಹಾಕಲಿಲ್ಲ. ಪೆನ್ನು ಎತ್ತಿ ಹಿಡಿದು ನನ್ನ ಕಡೆ ಮುಖ ತಿರುಗಿಸಿದಳು.

"ಸರ್ ಎಂತ ಬರೆದಿದ್ದಾರೆ, ಓದಿ ಟೀಚರ್."

"ಗಣಿತ" ಎಂದು ಓದಿದೆ.

"ಇನ್ನೊಮ್ಮೆ ಓದಿ."

ಓದಿದೆ. ಆಮೇಲೆ ಸಹಿ ಹಾಕಿದಳು.